ಹೆಪ್ಪು ಒಂದೇ, ಮೊಸರು ಬೇರೆ

ನಮ್ಮೂರು ಹುಡಗಿ. ಬೀದರ್ ಜಿಲ್ಲೆ, ಹುಮನಾಬಾದ್ ತಾಲ್ಲೂಕು. ಹಾಸ್ಟೆಲ್ ಸೇರಿದ ಮೊದಲ ದಿನ ‘ಯಾವೂರು ಮಗಾ?’ ಅಂತ ರೂಮ್‌ಮೇಟ್ ಕೇಳಿದ. ‘ಹುಡಗಿ’ ಅಂದೆ. ಅವತ್ತು ಶುರುವಾದ ನಗು ಐದನೇ ಸೆಮ್ ಬಂದರೂ ನಿಂತಿಲ್ಲ. ‘ಡ’ಕ್ಕೆ ಒಂದು ಕೊಂಬು ಕೊಟ್ಟರೆ ಹುಡುಗಿ, ಕೊಡದಿದ್ದರೆ ನಮ್ಮೂರು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅರ್ಥವೇ ಬೇರೆ ಆಗಿಬಿಡುತ್ತದೆ. ಇವತ್ತು ನಾನು ಬರೀತಿರೋದೂ ಸಣ್ಣ ವ್ಯತ್ಯಾಸಗಳ ಬಗ್ಗೆಯೇ. ಆದರೆ ಇದರಲ್ಲಿ ನಗುವಂಥದ್ದು ಕಡಿಮೆ.

ಕಳೆದ ದೀಪಾವಳಿ ರಜೆಗೆ ಊರಿಗೆ ಹೋದಾಗ ನಮ್ಮ ಕಾಕಾ ಒಂದು ಬಣ್ಣದ ಪಾಂಪ್ಲೆಟ್ ಕೈಗೆ ಕೊಟ್ಟರು. ಅವರ ಮಗನಿಗೆ ಈಗ ಏಳು ವರ್ಷ. ಹುಟ್ಟಿದಾಗ ಕೂಡಲೇ ಅಳಲಿಲ್ಲ, ಮೆದುಳಿಗೆ ಆಮ್ಲಜನಕ ಸಾಲಲಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಇವತ್ತಿಗೂ ಗೋಡೆ ಹಿಡಿಯದೆ ನಿಲ್ಲೋಕೆ ಆಗಲ್ಲ. ಪಾಂಪ್ಲೆಟ್ ಮೇಲೆ ನಗುವ ಮಗುವಿನ ಫೋಟೊ, ಕೆಳಗೆ ‘ಸ್ಟೆಮ್ ಸೆಲ್ ಚಿಕಿತ್ಸೆ’ ಅಂತ ದಪ್ಪಕ್ಷರ.

“ತಮ್ಮಾ, ಮೂರು ಸಲ ಹೋಗ್ಬೇಕಂತ. ಎರಡು ಎಕರೆ ಕೊಟ್ರ ಆಗ್ತದ. ನೀ ಇಂಜಿನಿಯರಿಂಗ್ ಓದ್ಲಕತ್ತಿದಿ, ಇದು ಖರೇ ಏನು, ಸುಳ್ಳೇನು, ನೋಡಿ ಹೇಳಪಾ” ಅಂದರು.

ನಾನು ಓದ್ತಿರೋದು ಇನ್‌ಸ್ಟ್ರುಮೆಂಟೇಶನ್. ಬಯಾಲಜಿ ಪುಸ್ತಕವನ್ನು ಪಿಯುಸಿ ಮುಗಿದ ದಿನವೇ ಮುಚ್ಚಿಟ್ಟವನು. ಆದರೆ ಎರಡು ಎಕರೆ ಅಂದರೆ ಕಾಕಾಗೆ ಉಳಿದಿರೋದೇ ಅದು. ‘ನಂಗೊತ್ತಿಲ್ಲ ಕಾಕಾ’ ಅಂತ ಜಾರಿಕೊಳ್ಳೋಕೆ ಮನಸ್ಸು ಬರಲಿಲ್ಲ. ಕಾಲೇಜಿಗೆ ವಾಪಸ್ ಬಂದವನು ಬಯೋಟೆಕ್ ಗೆಳೆಯರ ತಲೆ ತಿಂದೆ, ಸಿಕ್ಕಿದ ಪೇಪರುಗಳನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಗೊತ್ತಾಯಿತು: ಇದು ಅರ್ಧಕ್ಕರ್ಧ ನಮ್ಮ ಸಬ್ಜೆಕ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಲ್ಯಾಬಿನಲ್ಲಿ ಬೆಳೆಸಿದ ಸ್ಟೆಮ್ ಸೆಲ್ ಯಾರ ದೇಹದಿಂದ ಬಂತು ಅನ್ನೋದು ಅದರ ಅರ್ಧ ಗುರುತು ಮಾತ್ರ. ಎಲ್ಲಿ, ಯಾವುದರ ಮೇಲೆ, ಏನು ತಿಂದು, ಎಷ್ಟು ಕಾಲ ಬೆಳೆಯಿತು ಅನ್ನೋದು ಉಳಿದರ್ಧ. ಆ ಎರಡನೇ ಅರ್ಧವನ್ನು ಹೇಳಲಾಗದವರು ಅದನ್ನು ಮನುಷ್ಯರ ಮೈಗೆ ಚುಚ್ಚಬಾರದು. ಆ ಅರ್ಧವನ್ನು ಅಳೆಯುವ, ಬರೆದಿಡುವ ಕೆಲಸ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರದ್ದು. ನಾವು ಅದನ್ನು ಬೇರೆ ಯಾರದೋ ಕೆಲಸ ಅಂತ ಬಿಟ್ಟಿದ್ದೀವಿ.

ಅವ್ವನ ಮೊಸರು, ಕಾಕಿಯ ಮೊಸರು

ನಮ್ಮನೆ ಹೆಪ್ಪನ್ನೇ ಕಾಕಿ ಒಯ್ತಾಳೆ. ಹಾಲು ಕೊಡುವ ಎಮ್ಮೆಯೂ ಒಂದೇ. ಆದರೂ ನಮ್ಮನೆ ಮೊಸರು ಗಟ್ಟಿ, ಅವರ ಮನೆಯದ್ದು ಲೋಳೆ ಲೋಳೆ, ಹುಳಿ. ಅವ್ವ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿ, ಚಳಿ ಬಿದ್ದಾಗ ಹಳೇ ಸೀರೆ ಸುತ್ತಿ ಒಲೆ ಪಕ್ಕ ಇಡ್ತಾಳೆ. ಕಾಕಿಯದ್ದು ಸ್ಟೀಲ್ ಡಬ್ಬಿ, ಕಿಟಕಿ ಪಕ್ಕ. ಹೆಪ್ಪಿನಲ್ಲಿ ಇರೋದು ಒಂದು ಜಾತಿಯ ಜೀವ ಅಲ್ಲ, ಹಲವು. ಬೆಚ್ಚಗಿದ್ದರೆ ಕೆಲವು ಗೆಲ್ಲುತ್ತವೆ, ತಣ್ಣಗಿದ್ದರೆ ಇನ್ನು ಕೆಲವು. ಅಂದರೆ ಪಾತ್ರೆ ಸುಮ್ಮನೆ ಹಾಲು ಹಿಡಿದುಕೊಂಡು ಕೂತಿರಲ್ಲ. ಯಾರು ಉಳೀಬೇಕು ಅಂತ ಅದೂ ತೀರ್ಮಾನ ಮಾಡ್ತಿರುತ್ತೆ.

ಸ್ಟೆಮ್ ಸೆಲ್ ಕಥೆಯೂ ಇಷ್ಟೇ, ಆದರೆ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಅಂತೆಲ್ಲ ಕರೀತಾರೆ. ತನ್ನಂಥದ್ದನ್ನೇ ಇನ್ನೊಂದನ್ನು ಹುಟ್ಟಿಸುವ ಶಕ್ತಿಯೂ ಉಂಟು, ಬೇರೆ ಬಗೆಯ ಸೆಲ್ ಆಗಿ ಬದಲಾಗುವ ಶಕ್ತಿಯೂ ಉಂಟು. ಎಲುಬಿನ ಮಜ್ಜೆಯಲ್ಲಿರುವಂಥವು ಕೆಲವೇ ಬಗೆಯ ಸೆಲ್ ಆಗಬಲ್ಲವು. ಕೆಲವೇ ದಿನದ ಭ್ರೂಣದಿಂದ ತೆಗೆದವು ದೇಹದ ಯಾವ ಸೆಲ್ ಬೇಕಾದರೂ ಆಗಬಲ್ಲವು. ಮನುಷ್ಯರ ಭ್ರೂಣದ ಇಂಥ ಸೆಲ್‌ಗಳನ್ನು ಲ್ಯಾಬಿನಲ್ಲಿ ಮೊದಲು ಬೆಳೆಸಿದ್ದು 1998ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ಗಳನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಸ್ಥಿತಿಗೆ ತಂದವರು ಜಪಾನಿನ ಶಿನ್ಯಾ ಯಮನಾಕ. ಅವಕ್ಕೆ ಐಪಿಎಸ್ ಸೆಲ್ ಅಂತ ಹೆಸರು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ಇದೆಲ್ಲ ಎಲ್ಲೋ ದೂರದ ಮಾತು ಅಂದುಕೊಳ್ಳಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಎರಡು ಮಾನವ ಭ್ರೂಣ ಸ್ಟೆಮ್ ಸೆಲ್ ಲೈನ್‌ಗಳನ್ನು ಬೆಳೆಸಿ, 2009ರಲ್ಲಿ ಪ್ರಕಟಿಸಿತು. ಹೆಸರು ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20. ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲ ಅಂತ ಪಕ್ಕಕ್ಕಿಟ್ಟಿದ್ದ ಭ್ರೂಣಗಳಿಂದ ಬಂದವು ಇವು. ಎರಡೂ ಒಂದೇ ತಂದೆ ತಾಯಿಯವು, ಅಂದರೆ ಒಡಹುಟ್ಟಿದವು. ಬಿಸಾಡಬೇಕಿದ್ದದ್ದು ಸರಿಯಾದ ಆರೈಕೆ ಸಿಕ್ಕಿದ್ದಕ್ಕೆ ಬದುಕಿತು, ಬೆಳೆಯಿತು. ಬೆಳೆಸುವ ಸ್ಥಿತಿಯ ತಾಕತ್ತು ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನಾಮದಾರ್ ಅವರು ಮುಂದೆ ಬೆಂಗಳೂರಿನ ಸ್ಟೆಮ್ ಸೆಲ್ ಸಂಸ್ಥೆ ಇನ್‌ಸ್ಟೆಮ್‌ನ ನಿರ್ದೇಶಕಿಯಾದರು. ಆ ಸಂಸ್ಥೆ ಇರೋದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ಬೀಜ ಒಂದೇ ಆದರೂ ಮಣ್ಣು ಬೇರೆಯಾದರೆ ಬೆಳೆ ಬೇರೆ ಅಂತ ಕಲಿಸುವ ಜಾಗದಲ್ಲೇ ಸ್ಟೆಮ್ ಸೆಲ್ ಸಂಶೋಧನೆಯೂ ನಡೀತಿದೆ ಅನ್ನೋದು ನನಗೆ ಭಾಳ ಹಿಡಿಸಿತು.

ನಾಲ್ಕು ಗುಂಡಿ, ನಾಲ್ಕು ಗಂಡಾಂತರ

ಸೆಲ್ ಬೆಳೆಸುವುದನ್ನು ಒಂದು ಕಂಟ್ರೋಲ್ ಪ್ಯಾನೆಲ್ ಅಂದುಕೊಳ್ಳಿ. ತಿರುಗಿಸುವ ಗುಂಡಿಗಳು ಹಲವು. ನಾಲ್ಕನ್ನು ಮಾತ್ರ ನೋಡೋಣ.

ಮೊದಲನೆಯದು ಊಟ. ಶುರುವಿನಲ್ಲಿ ಮಾನವ ಸ್ಟೆಮ್ ಸೆಲ್‌ಗಳನ್ನು ಇಲಿಯ ಸೆಲ್‌ಗಳ ಹಾಸಿಗೆ ಮೇಲೆ, ಪ್ರಾಣಿಗಳಿಂದ ಬಂದ ಅಂಶಗಳಿರುವ ಮೀಡಿಯಾ ಹಾಕಿ ಬೆಳೆಸುತ್ತಿದ್ದರು. 2005ರಲ್ಲಿ ಅಮೆರಿಕದಲ್ಲಿ ಒಂದು ಸಂಶೋಧನೆ ಬಂತು. ಹಾಗೆ ಬೆಳೆದ ಸೆಲ್‌ಗಳು ಪ್ರಾಣಿಗಳ ಒಂದು ಬಗೆಯ ಸಕ್ಕರೆ ಅಣುವನ್ನು ಹೀರಿಕೊಂಡು ತಮ್ಮ ಮೈಮೇಲೆ ಹೊತ್ತುಕೊಂಡಿದ್ದವು. ಮನುಷ್ಯರ ದೇಹ ಆ ಅಣುವನ್ನು ತಾನಾಗಿ ತಯಾರಿಸಲ್ಲ. ನಮ್ಮಲ್ಲಿ ಬಹಳ ಜನರ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿಯೇ ಇದೆ. ಅಂದರೆ ಮನುಷ್ಯರದ್ದೇ ಸೆಲ್ ಆದರೂ ಲ್ಯಾಬಿನ ಊಟದಿಂದಾಗಿ ನಮ್ಮ ದೇಹಕ್ಕೆ ಪರಕೀಯವಾಗಿ ಕಾಣಬಹುದು. ಈ ಕೆಲಸ ಮಾಡಿದವರಲ್ಲಿ ಒಬ್ಬರು ಅಜಿತ್ ವರ್ಕಿ. ಅವರು ಶಾಲೆ ಓದಿದ್ದು ಬೆಂಗಳೂರಿನಲ್ಲಿ, ವೈದ್ಯಕೀಯ ಓದಿದ್ದು ವೆಲ್ಲೂರಿನಲ್ಲಿ. ಇದಾದ ಮೇಲೆ ಪ್ರಾಣಿ ಅಂಶ ಇಲ್ಲದ ಮೀಡಿಯಾಗಳು ಬಂದವು. 2011ರಲ್ಲಿ ಬಂದ ‘ಇ8’ ಅನ್ನೋದರಲ್ಲಿ ಇರೋದು ಎಂಟೇ ಘಟಕ. ಏನೇನು ಹಾಕಿದ್ದೀವಿ ಅಂತ ಎಣಿಸಿ ಹೇಳಬಹುದು. ಆದರೆ ಅದರಲ್ಲಿ ಬೆಳೆದ ಸೆಲ್‌ಗಳಿಗೆ ಹೊರಗಿಂದ ಕೊಬ್ಬು ಸಿಗದ ಕಾರಣ, ಅವು ತಾವೇ ಕೊಬ್ಬು ತಯಾರಿಸಿಕೊಳ್ಳುವ ದಾರಿಗೆ ಹೊರಳುತ್ತವೆ ಅಂತ ಆಮೇಲೆ ಗೊತ್ತಾಯಿತು. ಸರಳ ಊಟವೂ ಸೆಲ್ ಮೇಲೆ ತನ್ನ ಗುರುತು ಬಿಡುತ್ತದೆ.

ಎರಡನೆಯದು ಗಾಳಿ. ಇನ್‌ಕ್ಯುಬೇಟರ್ ಅಂದರೆ 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್. ಆ ಅನಿಲ ಮೀಡಿಯಾದಲ್ಲಿರುವ ಬೈಕಾರ್ಬನೇಟ್ ಜೊತೆ ಸೇರಿ ಪಿಎಚ್ ಹಿಡಿದಿಡುತ್ತದೆ. ಫಸ್ಟ್ ಇಯರ್ ಕೆಮಿಸ್ಟ್ರಿಯ ಬಫರ್, ಅಷ್ಟೇ. ಆದರೆ ಆಮ್ಲಜನಕ? ಹೊರಗಿನ ಗಾಳಿಯಲ್ಲಿ ಇರೋದು 21 ಶೇಕಡಾ. ತಾಯಿಯ ಗರ್ಭದಲ್ಲಿ ಆರಂಭದ ಭ್ರೂಣಕ್ಕೆ ಸಿಗುವುದು ಅದರ ಕಾಲು ಭಾಗದಷ್ಟೋ ಇನ್ನೂ ಕಡಿಮೆಯೋ. 2005ರಲ್ಲೇ ಒಂದು ಪ್ರಯೋಗ ತೋರಿಸಿತ್ತು: ಆಮ್ಲಜನಕ ಕಡಿಮೆ ಮಾಡಿದರೆ ಭ್ರೂಣ ಸ್ಟೆಮ್ ಸೆಲ್‌ಗಳು ತಾವಾಗಿಯೇ ಬೇರೆ ಸೆಲ್ ಆಗಿ ತಿರುಗಿಬಿಡುವುದು ಕಡಿಮೆಯಾಗುತ್ತದೆ. ಆದರೂ ಎಷ್ಟೋ ಲ್ಯಾಬುಗಳಲ್ಲಿ ಇವತ್ತಿಗೂ ಆ ಗುಂಡಿಯೇ ಇಲ್ಲ, ಹೊರಗಿನ ಗಾಳಿಯೇ ಗತಿ.

ಇಲ್ಲಿ ನಮ್ಮ ಇಲಾಖೆಯ ಒಂದು ಸಣ್ಣ ಲೆಕ್ಕ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ವಾಯುಭಾರ ಮಂಗಳೂರಿಗಿಂತ ಸುಮಾರು 10 ಶೇಕಡಾ ಕಡಿಮೆ. ಎರಡೂ ಕಡೆ ಇನ್‌ಕ್ಯುಬೇಟರ್ ಡಿಸ್‌ಪ್ಲೇ 5 ಶೇಕಡಾ ಅಂತಲೇ ತೋರಿಸಿದರೂ, ದ್ರವದಲ್ಲಿ ಕರಗುವುದು ಶೇಕಡಾವಾರು ನೋಡಿ ಅಲ್ಲ, ಪಾರ್ಶ್ವ ಒತ್ತಡ ನೋಡಿ. ಹಾಗಾಗಿ ಬೆಂಗಳೂರಿನಲ್ಲಿ ಕರಗುವ ಕಾರ್ಬನ್ ಡೈಆಕ್ಸೈಡ್ ಹತ್ತರಲ್ಲಿ ಒಂದು ಪಾಲು ಕಡಿಮೆ, ಪಿಎಚ್ ಸುಮಾರು 0.05 ಹೆಚ್ಚು. ಅಷ್ಟರಿಂದಲೇ ಸೆಲ್ ಸಾಯುತ್ತೆ ಅಂತ ನಾನು ಹೇಳ್ತಿಲ್ಲ. ‘ಸೇಮ್ ಸೆಟ್ಟಿಂಗ್ ಇಟ್ಟಿದ್ದೀವಿ ಸಾರ್’ ಅಂದರೆ ಸೇಮ್ ಸ್ಥಿತಿ ಅಂತ ಅರ್ಥ ಅಲ್ಲ ಅಂತ ಹೇಳ್ತಿದ್ದೀನಿ. ಸೆಟ್ ಪಾಯಿಂಟ್ ಬೇರೆ, ಪ್ರೊಸೆಸ್ ವೇರಿಯಬಲ್ ಬೇರೆ. ಇದು ನಮಗೆ ಕಂಟ್ರೋಲ್ ಸಿಸ್ಟಮ್ಸ್ ಮೊದಲನೇ ಯೂನಿಟ್ಟಿನಲ್ಲೇ ಬರುತ್ತಲ್ವಾ?

ಮೂರನೆಯದು ನೆಲ. ಮೆಕ್ಯಾನಿಕಲ್, ಸಿವಿಲ್ ಗೆಳೆಯರೇ, ಇದು ನಿಮಗೆ. ಮೆದುಳಿನ ಯಂಗ್ಸ್ ಮಾಡ್ಯುಲಸ್ ಸುಮಾರು ಒಂದು ಕಿಲೋಪಾಸ್ಕಲ್ ಅಥವಾ ಅದಕ್ಕೂ ಕಡಿಮೆ. ಲ್ಯಾಬಿನ ಪಾಲಿಸ್ಟೈರೀನ್ ತಟ್ಟೆಯದ್ದು ಸುಮಾರು ಮೂರು ಗಿಗಾಪಾಸ್ಕಲ್. ಅಂದರೆ ಮೂವತ್ತು ಲಕ್ಷ ಪಟ್ಟು ಗಟ್ಟಿ! ಇದರಿಂದ ಸೆಲ್‌ಗೆ ಏನಾಗುತ್ತೆ? 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಜೊತೆಗಾರರು ಮಜ್ಜೆಯಿಂದ ಬಂದ ಮಾನವ ಸ್ಟೆಮ್ ಸೆಲ್‌ಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಬಿಟ್ಟು ನೋಡಿದರು. 0.1ರಿಂದ 1 ಕಿಲೋಪಾಸ್ಕಲ್ ಇದ್ದಲ್ಲಿ ಅವು ನರಕೋಶದ ಹಾದಿ ಹಿಡಿದವು. 8ರಿಂದ 17 ಇದ್ದಲ್ಲಿ ಸ್ನಾಯುವಿನ ಹಾದಿ. 25ರಿಂದ 40 ಇದ್ದಲ್ಲಿ ಎಲುಬಿನ ಹಾದಿ. ಸೆಲ್ ತನ್ನ ಕಾಲ ಕೆಳಗಿನ ನೆಲವನ್ನು ಎಳೆದು ನೋಡಿ, ಅದು ಎಷ್ಟು ಬಗ್ಗುತ್ತೆ ಅಂತ ಅಂದಾಜು ಮಾಡಿ, ತಾನು ಏನಾಗಬೇಕು ಅಂತ ನಿರ್ಧರಿಸುತ್ತದೆ. ಎರೆ ಹೊಲದಲ್ಲಿ ಕಾಲಿಟ್ಟೊಡನೆ ನಮ್ಮೂರ ರೈತ ಹಸಿ ಎಷ್ಟಿದೆ ಅಂತ ಹೇಳ್ತಾನಲ್ಲ, ಹಾಗೆ.

ನಾಲ್ಕನೆಯದು ಕಾಲ. ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ. ತಟ್ಟೆ ತುಂಬಿದಾಗ ಸೆಲ್‌ಗಳನ್ನು ಬಿಡಿಸಿ ಹೊಸ ತಟ್ಟೆಗೆ ಹಾಕಬೇಕು. ಇದಕ್ಕೆ ಪ್ಯಾಸೇಜ್ ಅಂತಾರೆ. ಬಿಡಿಸುವಾಗ ಬಹಳ ಸೆಲ್ ಸಾಯುತ್ತವೆ. ಈಗ ಒಂದು ಸೆಲ್‌ಗೆ ಯಾವುದೋ ತಪ್ಪಿನಿಂದ ಸಾಯದೇ ಉಳಿಯುವ ಗುಣ ಬಂತು ಅನ್ನಿ. ಪ್ರತಿ ಪ್ಯಾಸೇಜ್‌ನಲ್ಲೂ ಅದು ಉಳಿದವಕ್ಕಿಂತ ಒಂದೂವರೆ ಪಟ್ಟು ಮುಂದೆ ಹೋಗುತ್ತೆ ಅಂತ ಇಟ್ಟುಕೊಳ್ಳೋಣ. ಹತ್ತು ಲಕ್ಷಕ್ಕೆ ಒಂದೇ ಒಂದು ಇದ್ದರೂ, ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ, 34 ಪ್ಯಾಸೇಜ್ ಆಗುವ ಹೊತ್ತಿಗೆ ತಟ್ಟೆಯ ಅರ್ಧ ಅದೇ ಆಗಿರುತ್ತದೆ. ತೊಗರಿ ಹೊಲದಲ್ಲಿ ಕಳೆ ಕೀಳದೆ ಬಿಟ್ಟ ಹಾಗೆ.

ಇದು ಬರೀ ಲೆಕ್ಕ ಅಲ್ಲ. 38 ಲ್ಯಾಬುಗಳ 125 ಭ್ರೂಣ ಸ್ಟೆಮ್ ಸೆಲ್ ಲೈನ್‌ಗಳನ್ನೂ 11 ಐಪಿಎಸ್ ಲೈನ್‌ಗಳನ್ನೂ ಒಟ್ಟಿಗೆ ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹೆಚ್ಚಿನ ಲೈನ್‌ಗಳ ವರ್ಣತಂತುಗಳು ಸರಿಯಾಗಿಯೇ ಇದ್ದವು. ಆದರೆ ಹೆಚ್ಚು ಕಾಲ ಬೆಳೆಸಿದಷ್ಟೂ 1, 12, 17 ಮತ್ತು 20ನೇ ವರ್ಣತಂತುಗಳಲ್ಲಿ ಬದಲಾವಣೆ ಸೇರಿಕೊಳ್ಳುವುದು ಕಂಡಿತು. 20ನೆಯದರ ಒಂದು ಸಣ್ಣ ತುಂಡು ಹೆಚ್ಚಾಗಿರುವುದು 20 ಶೇಕಡಾಕ್ಕೂ ಹೆಚ್ಚು ಲೈನ್‌ಗಳಲ್ಲಿ ಸಿಕ್ಕಿತು. ಆ ತುಂಡಿನಲ್ಲಿ ಸೆಲ್ ಸಾಯದಂತೆ ತಡೆಯುವ ಒಂದು ಜೀನ್ ಇದೆ. 2017ರಲ್ಲಿ ಇನ್ನೊಂದು ತಂಡ 140 ಭ್ರೂಣ ಸ್ಟೆಮ್ ಸೆಲ್ ಲೈನ್‌ಗಳ ಜೀನ್ ಓದಿತು. ಐದರಲ್ಲಿ ‘ಪಿ53’ ಕೆಟ್ಟಿತ್ತು. ಕ್ಯಾನ್ಸರ್ ಬಾರದಂತೆ ಕಾವಲು ಕಾಯುವ ಜೀನ್ ಅದು. ಯಾರೂ ಬೇಕಂತ ಕೆಡಿಸಲಿಲ್ಲ. ಬೇಗ ಬೆಳೆಯುವುದನ್ನೇ ನಾವು ಮುಂದಕ್ಕೆ ಒಯ್ತಾ ಹೋದೆವು, ಬೇಗ ಬೆಳೆಯುವುದೇ ಉಳಿಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಟ್ಟೆ ಮೊದಲಿಗಿಂತ ಚೆಂದವಾಗಿಯೇ ಕಾಣುತ್ತೆ.

ಲ್ಯಾಬ್ ಬದಲಾದರೆ ಉತ್ತರವೂ ಬದಲು

ಇನ್ನೂ ಒಂದು ವಿಷಯ ಹೇಳಲೇಬೇಕು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐದು ಲ್ಯಾಬುಗಳು ಒಂದೇ ಐಪಿಎಸ್ ಸೆಲ್‌ಗಳನ್ನು ತಗೊಂಡು, ಒಂದೇ ಪ್ರೋಟೋಕಾಲ್ ಹಿಡಿದು ನರಕೋಶ ಬೆಳೆಸಿದವು. ಫಲಿತಾಂಶದಲ್ಲಿ ಬಂದ ವ್ಯತ್ಯಾಸಕ್ಕೆ ಅತಿ ದೊಡ್ಡ ಕಾರಣ ಯಾವುದಾಗಿತ್ತು ಗೊತ್ತಾ? ಯಾವ ಲ್ಯಾಬಿನಲ್ಲಿ ಬೆಳೆಸಿದರು ಅನ್ನೋದು. ಹೆಪ್ಪು ಒಂದೇ, ಮೊಸರು ಬೇರೆ. ಅದಕ್ಕೂ ಒಂದು ವರ್ಷ ಮೊದಲು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 301 ದಾನಿಗಳ 711 ಐಪಿಎಸ್ ಲೈನ್‌ಗಳನ್ನು ನೋಡಿತ್ತು. ಸೆಲ್‌ಗಳ ಗುಣದಲ್ಲಿ ಕಂಡ ವ್ಯತ್ಯಾಸದಲ್ಲಿ ದಾನಿ ಯಾರು ಅನ್ನೋದರ ಪಾಲು 5ರಿಂದ 46 ಶೇಕಡಾ. ಉಳಿದದ್ದು ಬೇರೆ ಕಾರಣಗಳದ್ದು, ಬೆಳೆಸಿದ ಸ್ಥಿತಿಯೂ ಅದರಲ್ಲಿ ಸೇರಿತು.

ಇದು ನಮ್ಮ ರಾಜ್ಯಕ್ಕೆ ಯಾಕೆ ಮುಖ್ಯ ಅಂದರೆ, ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ ಒಂದು ಅಪರೂಪದ ಕೆಲಸ ಶುರು ಮಾಡಿದವು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಓಸಿಡಿ, ಮರೆವಿನ ಕಾಯಿಲೆ, ವ್ಯಸನ, ಈ ಐದು ತೊಂದರೆಗಳು ಇರುವ ಕುಟುಂಬಗಳಿಂದ ರಕ್ತ ಪಡೆದು, ಅದರಿಂದ ಸ್ಟೆಮ್ ಸೆಲ್ ಬೆಳೆಸಿ, ಕಾಯಿಲೆ ಇರುವವರಿಗೂ ಅದೇ ಮನೆಯ ಆರೋಗ್ಯವಂತರಿಗೂ ಸೆಲ್ ಮಟ್ಟದಲ್ಲಿ ಏನು ವ್ಯತ್ಯಾಸ ಅಂತ ಹುಡುಕುವುದು. ಅಣ್ಣ ತಮ್ಮಂದಿರ ನಡುವಿನ ಆ ವ್ಯತ್ಯಾಸ ಬಹಳ ಸಣ್ಣದು. ಇನ್‌ಕ್ಯುಬೇಟರ್‌ನ ಏರಿಳಿತ ಅದಕ್ಕಿಂತ ದೊಡ್ಡದಾದರೆ? ಸಿಗ್ನಲ್ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆಮೇಲೆ ಕಾಯಿಲೆಯ ಗುಣ ಅಂತ ನಾವು ಬರೆಯೋದು ಇನ್‌ಕ್ಯುಬೇಟರ್‌ನ ಗುಣ ಆಗಿರಬಹುದು. ನಂಬಿ ರಕ್ತ ಕೊಟ್ಟ ಆ ಮನೆಗಳವರಿಗೆ ನಾವು ಕೊಡುವ ಮರ್ಯಾದೆ ಅಂದರೆ ಸ್ಥಿತಿಗಳನ್ನು ಬಿಗಿಯಾಗಿ ಹಿಡಿಯೋದು, ಹಿಡಿದದ್ದನ್ನು ಬರೆದಿಡೋದು.

‘ಅದೆಲ್ಲ ಲ್ಯಾಬ್ ನೋಡ್ಕೊಳ್ಳುತ್ತೆ ಸಾರ್’

ಇಷ್ಟು ಓದಿದ ಮೇಲೆ ಪಾಂಪ್ಲೆಟ್ಟಿನ ನಂಬರಿಗೆ ಫೋನ್ ಹಚ್ಚಿದೆ. ಕ್ಲಿನಿಕ್ ಯಾವುದು, ಯಾವ ಊರು ಅಂತ ಇಲ್ಲಿ ಬರೆಯಲ್ಲ. ಸೆಲ್ ಯಾರದ್ದು, ಎಷ್ಟು ಪ್ಯಾಸೇಜ್ ಬೆಳೆಸ್ತೀರಿ, ಯಾವ ಮೀಡಿಯಾ, ಕೊಡುವ ಮೊದಲು ವರ್ಣತಂತು ಪರೀಕ್ಷೆ ಮಾಡ್ತೀರಾ, ಇದು ನೋಂದಾಯಿತ ಟ್ರಯಲ್ಲಾ, ನಂಬರ್ ಏನು ಅಂತ ಐದು ಪ್ರಶ್ನೆ ಕೇಳಿದೆ. ಆಕಡೆಯವರ ದನಿ ಬಹಳ ಸಮಾಧಾನದ್ದು. “ಅದೆಲ್ಲ ನಮ್ಮ ಲ್ಯಾಬ್ ನೋಡ್ಕೊಳ್ಳುತ್ತೆ ಸಾರ್. ನೀವು ಯಾವತ್ತು ಬರ್ತೀರಿ ಹೇಳಿ, ಸ್ಲಾಟ್ ಬುಕ್ ಮಾಡ್ತೀನಿ.”

ಇದರ ಪಕ್ಕದಲ್ಲಿ ಜಪಾನಿನ ಒಂದು ಘಟನೆ ಇಟ್ಟು ನೋಡಿ. 2014ರಲ್ಲಿ ಕೋಬೆಯಲ್ಲಿ ಮಸಾಯೊ ತಕಹಾಶಿ ಅವರ ತಂಡ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬ ಮಹಿಳೆಯ ಕಣ್ಣಿಗೆ ಅವರದೇ ಐಪಿಎಸ್ ಸೆಲ್‌ಗಳಿಂದ ಬೆಳೆಸಿದ ಪದರವನ್ನು ಕೂರಿಸಿತು. ಜಗತ್ತಿನಲ್ಲಿ ಅದೇ ಮೊದಲು. ಎರಡನೇ ರೋಗಿಯ ಸೆಲ್ ಕೂಡ ತಯಾರಾಯಿತು. ಆದರೆ ಪರೀಕ್ಷೆ ಮಾಡಿದಾಗ ರೋಗಿಯ ಮೂಲ ಚರ್ಮದ ಸೆಲ್‌ಗಳಲ್ಲಿ ಕಾಣದ ಕೆಲವು ಡಿಎನ್‌ಎ ಬದಲಾವಣೆಗಳು ಐಪಿಎಸ್ ಸೆಲ್‌ಗಳಲ್ಲಿ ಸಿಕ್ಕವು. ಅವುಗಳಿಂದ ಕ್ಯಾನ್ಸರ್ ಬಂದೇ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆದರೂ ಚಿಕಿತ್ಸೆ ನಿಲ್ಲಿಸಿದರು. ಜಗತ್ತೇ ನೋಡುತ್ತಿದ್ದಾಗ, ರೋಗಿ ಕಾಯುತ್ತಿದ್ದಾಗ ‘ಬೇಡ’ ಅಂದರು. ಸೆಲ್ ಹೇಗೆ ಬೆಳೆಯಿತು ಅಂತ ಗೊತ್ತಿರುವವರಿಗೆ ಮಾತ್ರ ಹಾಗೆ ಹೇಳುವ ಧೈರ್ಯ ಬರುತ್ತೆ. ಏನೂ ಅಳೆಯದವರಿಗೆ ನಿಲ್ಲಿಸುವ ಕಾರಣವೇ ಸಿಗಲ್ಲ.

ನಮ್ಮ ದೇಶದಲ್ಲೂ ನಿಯಮ ಇಲ್ಲ ಅಂತಲ್ಲ. ಐಸಿಎಂಆರ್ ಮತ್ತು ಬಯೋಟೆಕ್ನಾಲಜಿ ಇಲಾಖೆ ಸೇರಿ ಹೊರಡಿಸಿದ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಮಜ್ಜೆ ಕಸಿಯ ಮಾದರಿಯ ಚಿಕಿತ್ಸೆ ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ನಡೆಯಬೇಕು. ಟ್ರಯಲ್ ಅಂದರೆ ರೋಗಿಯಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ಟ್ರಯಲ್‌ಗಳ ಪಟ್ಟಿ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ಇರುತ್ತೆ, ಫೋನಿನಲ್ಲೇ ನೋಡಬಹುದು. ಸರಿಯಾದ ದಾರಿಯಲ್ಲಿ ಹೋದವರೂ ಇದ್ದಾರೆ. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಕಂಪನಿ ಹಲವು ದಾನಿಗಳ ಮಜ್ಜೆಯ ಸೆಲ್‌ಗಳನ್ನು ಸೇರಿಸಿ ಬೆಳೆಸಿದ ಉತ್ಪನ್ನಕ್ಕೆ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಬರ್ಗರ್ ಕಾಯಿಲೆಗೆ ಅಂತ, ಟ್ರಯಲ್ ಮುಗಿಸಿ 2016ರಲ್ಲಿ ಸರ್ಕಾರದ ಸೀಮಿತ ಅನುಮತಿ ಪಡೆಯಿತು. ಒಂದು ಕಾಯಿಲೆ, ಒಂದು ತಯಾರಿಕಾ ವಿಧಾನ, ಒಂದು ಅನುಮತಿ. ‘ಸ್ಟೆಮ್ ಸೆಲ್’ ಅನ್ನೋ ಹೆಸರಿಗೆ ಸಿಕ್ಕ ಲೈಸೆನ್ಸ್ ಅಲ್ಲ ಅದು.

ಎರಡು ಆಕ್ಷೇಪ

ಬಯೋಟೆಕ್ ಗೆಳತಿಯೊಬ್ಬಳು ಈ ಲೇಖನದ ಡ್ರಾಫ್ಟ್ ಓದಿ ಎರಡು ಮಾತು ಹೇಳಿದಳು. ಎರಡೂ ನ್ಯಾಯವಾದವೇ.

“ನಿನ್ನ ಮಾತು ಕೇಳಿದರೆ ಲ್ಯಾಬಿನಲ್ಲಿ ಬೆಳೆಸಿದ್ದೆಲ್ಲ ಸುಳ್ಳು ಅನ್ನೋ ಹಾಗಿದೆ.” ಇಲ್ಲ. ಗರ್ಭದ ಹಾಗೇ ಇರುವ ತಟ್ಟೆ ಯಾರ ಹತ್ತಿರವೂ ಇಲ್ಲ, ಬೇಕಾಗಿಯೂ ಇಲ್ಲ. ಸೆಲ್ ಸ್ಥಿತಿಗೆ ಸ್ಪಂದಿಸುತ್ತೆ ಅನ್ನೋದು ತೊಂದರೆಯೂ ಹೌದು, ವರವೂ ಹೌದು. ಸ್ಪಂದಿಸದಿದ್ದರೆ ಅದನ್ನು ನರಕೋಶವಾಗಿಯೋ ಹೃದಯದ ಸೆಲ್ ಆಗಿಯೋ ತಿರುಗಿಸೋಕೆ ಆಗ್ತಿತ್ತಾ? ನನ್ನ ತಕರಾರು ಇರೋದು ಸ್ಥಿತಿಯನ್ನು ಬರೆಯದೆ ಬಿಡುವುದರ ಬಗ್ಗೆ ಮಾತ್ರ.

“ನಮ್ಮ ಕಾಲೇಜುಗಳಲ್ಲಿ ಇದನ್ನೆಲ್ಲ ಅಳೆಯೋಕೆ ದುಡ್ಡೆಲ್ಲಿದೆ? ಮೀಡಿಯಾವೇ ಹೊರಗಿಂದ ಬರಬೇಕು.” ಇದು ನಿಜ, ಆದರೆ ಅರ್ಧ ನಿಜ. ಈ ಸೆಮ್‌ನಲ್ಲಿ ನಾವು ಮೂವರು ಮಿನಿ ಪ್ರಾಜೆಕ್ಟ್ ಅಂತ ಬಯೋಟೆಕ್ ವಿಭಾಗದ ಇನ್‌ಕ್ಯುಬೇಟರ್‌ಗೆ ಒಂದು ಲಾಗರ್ ಕೂರಿಸಿದೆವು. ಅಲ್ಲಿ ಸ್ಟೆಮ್ ಸೆಲ್ ಇಲ್ಲ, ಸಾಮಾನ್ಯ ಸೆಲ್‌ಗಳಷ್ಟೇ. ಒಂದು ಮೈಕ್ರೋಕಂಟ್ರೋಲರ್, ತಾಪಮಾನದ ಸೆನ್ಸರ್, ಕಾರ್ಬನ್ ಡೈಆಕ್ಸೈಡ್ ಸೆನ್ಸರ್, ಬಾಗಿಲಿಗೆ ಒಂದು ಸ್ವಿಚ್, ಒಂದು ಮೆಮೊರಿ ಕಾರ್ಡ್. ಮೊದಲ ವಾರದ ಗ್ರಾಫ್ ನೋಡಿ ನಮಗೇ ನಾಚಿಕೆ ಆಯ್ತು. ಡಿಸ್‌ಪ್ಲೇ ಸದಾ 37 ಅಂತಿತ್ತು. ಒಳಗೆ ಮಾತ್ರ ಬಾಗಿಲು ತೆರೆದಾಗೆಲ್ಲ ಕಣಿವೆ. ಮಧ್ಯಾಹ್ನ ಲ್ಯಾಬ್ ಬ್ಯಾಚ್ ಬಂದಾಗ ಕಣಿವೆ ಮೇಲೆ ಕಣಿವೆ. ರಾತ್ರಿ ಕರೆಂಟ್ ಹೋಗಿ ಜನರೇಟರ್ ಹತ್ತುವವರೆಗೆ ಒಂದು ದೊಡ್ಡ ಹಳ್ಳ. ಆ ವಾರದ ರೆಕಾರ್ಡ್ ಬುಕ್‌ನಲ್ಲಿ ಎಲ್ಲರೂ ಬರೆದದ್ದು ಒಂದೇ: ‘ತಾಪಮಾನ 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್.’ ನಾನು ಆ ಲ್ಯಾಬಿನಲ್ಲಿ ಇದ್ದಿದ್ದರೆ ನಾನೂ ಅದನ್ನೇ ಬರೀತಿದ್ದೆ.

ಇಲ್ಲಿ ಸ್ವಲ್ಪ ಪ್ರಾಮಾಣಿಕವಾಗಿ ಮಾತಾಡೋಣ. ರೀಡಿಂಗ್ ಕಾಪಿ ಹೊಡೆಯೋದು, ಗ್ರಾಫ್ ಸರಳರೇಖೆ ಬರೋ ಹಾಗೆ ಚುಕ್ಕಿ ಸರಿಸೋದು, ಸೀನಿಯರ್ ರೆಕಾರ್ಡ್ ನೋಡಿ ‘ಅಬ್ಸರ್ವೇಶನ್’ ತುಂಬಿಸೋದು ನಮಗೆ ಹೊಸದೇನಲ್ಲ. ನಾನೂ ಮಾಡಿದ್ದೀನಿ. ವೋಲ್ಟ್‌ಮೀಟರ್ ರೀಡಿಂಗ್ ಕಾಪಿ ಮಾಡಿದರೆ ಯಾರೂ ಸಾಯಲ್ಲ ಅನ್ನೋದು ನಮ್ಮ ಸಮಾಧಾನ. ಆದರೆ ಅಳೆಯದೆ ಬರೆಯುವ ಕೈ ಇಲ್ಲೇ ಪಳಗುತ್ತೆ. ನಾಳೆ ಅದೇ ಕೈ ಯಾವುದೋ ಕಂಪನಿಯ ಸೆಲ್ ತಯಾರಿಕಾ ಘಟಕದಲ್ಲಿ ಬ್ಯಾಚ್ ಶೀಟ್ ತುಂಬಿಸುತ್ತೆ. ಫೋನಿನಲ್ಲಿ ‘ಅದೆಲ್ಲ ಲ್ಯಾಬ್ ನೋಡ್ಕೊಳ್ಳುತ್ತೆ’ ಅಂದವರಿಗೂ ನಮಗೂ ನಡುವೆ ಎಷ್ಟು ದೂರ ಇದೆ ಅಂತ ಒಮ್ಮೆ ಕೇಳಿಕೊಳ್ಳೋಣ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಬಯೋಟೆಕ್ ಲ್ಯಾಬಿನ ಪ್ರತಿ ಇನ್‌ಕ್ಯುಬೇಟರ್‌ಗೂ ಒಂದು ಲಾಗರ್ ಇರಲಿ, ಅದನ್ನು ಕಟ್ಟುವ ಕೆಲಸ ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಶನ್ ಮಕ್ಕಳಿಗೆ ಮಿನಿ ಪ್ರಾಜೆಕ್ಟ್ ಆಗಲಿ. ಜೆಲ್‌ನ ಗಟ್ಟಿತನ ಅಳೆಯುವ ಪ್ರಯೋಗ ಮೆಕ್ಯಾನಿಕಲ್‌ನವರದ್ದಾಗಲಿ. ಬಾಗಿಲು ಎಷ್ಟು ಸಲ ತೆರೆಯಿತು, ಮೀಡಿಯಾದ ಯಾವ ಬ್ಯಾಚ್, ಎಷ್ಟನೇ ಪ್ಯಾಸೇಜ್ ಅನ್ನೋದು ರೆಕಾರ್ಡ್‌ನಲ್ಲಿ ಬರದಿದ್ದರೆ ಸಹಿ ಬೀಳದಿರಲಿ. ಚೆಂದದ ರಿಸಲ್ಟ್‌ಗಿಂತ ಪ್ರಾಮಾಣಿಕ ರೀಡಿಂಗ್‌ಗೆ ಹೆಚ್ಚು ಮಾರ್ಕ್ಸ್ ಸಿಗಲಿ. ಕೊನೆಯದು ಕೇಳಿ ಎಲ್ಲರೂ ನಗಬಹುದು. ನಗಲಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಕಾಕಾಗೆ ಎಲ್ಲ ಹೇಳಿದೆ. ಪಿಎಚ್, ಪ್ಯಾಸೇಜ್ ಅಂತ ಹೇಳಿದರೆ ಏನು ಉಪಯೋಗ? ಮೊಸರಿನ ಕಥೆ ಹೇಳಿದೆ. ಬೀಜ ಎಲ್ಲಿಂದ ತಂದಿರಿ, ಯಾವ ಹೊಲದಲ್ಲಿ ಬೆಳೆದಿರಿ ಅಂತ ಕೇಳಿದರೆ ಹೇಳದವನ ಹತ್ತಿರ ನೀವು ಬಿತ್ತನೆ ಬೀಜ ತಗೋತೀರಾ ಕಾಕಾ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಕಿ ಒಳಗಿಂದಲೇ “ಇಲ್ಲ” ಅಂದಳು. ಪಾಂಪ್ಲೆಟ್ ಮಾಡದಲ್ಲಿ ಹೋಗಿ ಕೂತಿತು. ಹೊಲ ಉಳಿಯಿತು. ಈಗ ವಾರಕ್ಕೆರಡು ದಿನ ಹುಮನಾಬಾದಿಗೆ ಬಸ್ಸಿನಲ್ಲಿ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ತಾರೆ.

ಆದರೆ ಹೊರಡುವ ಹೊತ್ತಿಗೆ ಕಾಕಾ ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

“ಹಂಗಾರ ಖರೇದು ಯಾವಾಗ ಬರ್ತದ ತಮ್ಮಾ? ಇವನು ದೊಡ್ಡವನಾಗೂದ್ರೊಳಗ ಬರ್ತದೇನು?”

ಬೇಡ ಅಂತ ಹೇಳಿಸಿದವನು ನಾನು. ಹಾಗಾಗಿ ಆ ಪ್ರಶ್ನೆ ನನ್ನ ತಲೆ ಮೇಲೇ ಇದೆ. ಬಸ್ಸಿನಲ್ಲಿ ಕೂತು ಲಾಗರ್‌ನ ಗ್ರಾಫ್ ತೆಗೆದು ನೋಡ್ತಾ ಬಂದೆ. ಆ ಕಣಿವೆಗಳನ್ನು ತುಂಬುವ ಕೆಲಸವಾದರೂ ನಮ್ಮಿಂದ ಆಗುತ್ತೆ. ಪ್ರಾಜೆಕ್ಟ್‌ಗೆ ಇನ್ನಿಬ್ಬರು ಬೇಕು. ಆಸಕ್ತಿ ಇರುವವರು ಬಯೋಟೆಕ್ ಲ್ಯಾಬ್ ಹತ್ತಿರ ಬಂದು ‘ಹುಡಗಿಯವನು ಎಲ್ಲಿ?’ ಅಂತ ಕೇಳಿ. ಕೊಂಬು ಇಲ್ಲದೆ.